ಮಕ್ಕಳು ಮೊದಲೂ ದುಡಿಯುತ್ತಿದ್ದರಲ್ಲ, ಗಿರಣಿಯನ್ನೇ ಏಕೆ ದೂರಬೇಕು?

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಇತಿಹಾಸದ ನೋಟ್ಸಿನಲ್ಲಿ ಒಂದು ಕಡೆ ‘ಕೈಗಾರಿಕಾ ಕ್ರಾಂತಿಯಿಂದ ಮಹಿಳೆಯರು ಮನೆಯಿಂದ ಹೊರಬಂದು ಸ್ವಾವಲಂಬಿಗಳಾದರು’ ಎಂದಿದೆ. ಎರಡು ಪುಟ ತಿರುಗಿಸಿದರೆ ‘ಮಹಿಳೆಯರು ಮತ್ತು ಮಕ್ಕಳು ಶೋಷಣೆಗೆ ಒಳಗಾದರು’ ಎಂದಿದೆ. ಪಕ್ಕದಲ್ಲೇ ಒಂದು ಮಗು ಅಂಬೆಗಾಲಿನಲ್ಲಿ ಗಾಡಿ ಎಳೆಯುವ ಚಿತ್ರ. ಯಾವುದು ನಿಜ? ನಾನು ಹಳ್ಳಿಯಲ್ಲಿ ಬೆಳೆದವಳು. ನಮ್ಮಲ್ಲೂ ಮಕ್ಕಳು ದನ ಕಾಯುತ್ತಿದ್ದರು, ಕಳೆ ಕೀಳುತ್ತಿದ್ದರು. ಹಾಗಿದ್ದರೆ ಗಿರಣಿ ಬಂದು ಹೊಸದಾಗಿ ಕೆಡಿಸಿದ್ದೇನು? ಇದರ ಬಿಸಿ ನಮ್ಮ ಕಡೆಗೂ ತಟ್ಟಿತೇ? ಕಾನೂನು ಬಂದ ಮೇಲಾದರೂ ಸರಿಹೋಯಿತೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮಕ್ಕಳನ್ನು ದುಡಿಸುವುದು ಗಿರಣಿ ಮಾಲೀಕರು ಶುರುಮಾಡಿದ ಚಾಳಿಯಲ್ಲ. 1760ರ ಹೊತ್ತಿಗೆ ಇಂಗ್ಲೆಂಡಿನ ಲ್ಯಾಂಕಶೈರಿನ ನೇಕಾರರ ಮನೆಗಳಲ್ಲಿ ಐದಾರು ವರ್ಷದ ಮಕ್ಕಳು ಹತ್ತಿ ಬಿಡಿಸುತ್ತಾ ಕೂತಿರುತ್ತಿದ್ದರು. ತಾಯಿ ರಾಟೆಯ ಮುಂದೆ, ತಂದೆ ಮಗ್ಗದ ಮುಂದೆ. ಹೊಲದಲ್ಲಿ ಹಕ್ಕಿ ಓಡಿಸುವುದು, ಕಲ್ಲು ಆಯುವುದು ಮಕ್ಕಳ ಪಾಲಿನ ಕೆಲಸವೇ. ಕೆಲಸ ತಡವಾದರೆ ಮನೆಯಲ್ಲೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಗಿರಣಿಗೆ ಮುಂಚಿನ ಹಳ್ಳಿಯ ಬದುಕು ಸುವರ್ಣಯುಗವಾಗಿತ್ತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಆದರೂ 1770ರಿಂದ ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ದೊಡ್ಡ ಪಲ್ಲಟವೇ ಆಯಿತು. ನನ್ನ ಮಟ್ಟಿಗೆ ಅದನ್ನು ಎರಡು ಪ್ರಶ್ನೆಗಳಲ್ಲಿ ಹಿಡಿಯಬಹುದು. ಕೆಲಸದ ಹೊತ್ತನ್ನು ಗೊತ್ತುಮಾಡುವವರು ಯಾರು? ಕೆಲಸದ ಕೂಲಿ ಕೊನೆಗೆ ಯಾರ ಕೈ ಸೇರುತ್ತದೆ? ಇವೆರಡನ್ನು ಕೇಳುತ್ತಾ ಹೋದರೆ ನೋಟ್ಸಿನ ಎರಡು ವಾಕ್ಯಗಳೂ ಅರ್ಧರ್ಧ ನಿಜ ಎಂಬುದು ಗೊತ್ತಾಗುತ್ತದೆ. ಎಲ್ಲ ದೇಶಗಳನ್ನೂ ಒಟ್ಟಿಗೆ ಎಳೆದುಕೊಂಡರೆ ಮಾತು ಜಾಳಾಗುತ್ತದೆ. ಆದ್ದರಿಂದ ಯಂತ್ರ ಮೊದಲು ಬಂದ ಬ್ರಿಟನ್ನಿನ ಹತ್ತಿ ಗಿರಣಿ ಮತ್ತು ಕಲ್ಲಿದ್ದಲು ಗಣಿಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲಿಗೆ ರಾಟೆಯ ಕಥೆ. ಪಠ್ಯಗಳಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ, ಹೆಂಗಸರ ಪಾಲಿಗೆ ಬಿದ್ದ ದೊಡ್ಡ ಪೆಟ್ಟು ಮಾತ್ರ ಇಲ್ಲೇ ಇದೆ. ಒಬ್ಬ ನೇಕಾರನ ಮಗ್ಗಕ್ಕೆ ಸಾಕಾಗುವಷ್ಟು ನೂಲು ಬೇಕೆಂದರೆ ಹಲವಾರು ಹೆಂಗಸರು ದಿನವಿಡೀ ರಾಟೆ ತಿರುಗಿಸಬೇಕಿತ್ತು. ಹಾಗಾಗಿ ನೂಲುವುದು ಆ ಕಾಲದ ಇಂಗ್ಲೆಂಡಿನ ಬಡ ಹೆಂಗಸರ ಅತಿ ದೊಡ್ಡ ಸಂಪಾದನೆ. ಕೂಲಿ ಕಡಿಮೆಯೇ. ಆದರೆ ಒಲೆಯ ಮೇಲೆ ಎಸರಿಟ್ಟು ನೂಲಬಹುದಿತ್ತು, ಮಗು ಅತ್ತರೆ ಎದ್ದು ಹೋಗಬಹುದಿತ್ತು, ವಿಧವೆಯೂ ಮುದುಕಿಯೂ ಅದರಲ್ಲಿ ಹೊಟ್ಟೆ ಹೊರೆದುಕೊಳ್ಳಬಹುದಿತ್ತು. ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ, ಕೆಲಸವಿಲ್ಲದ ತಿಂಗಳುಗಳಲ್ಲಿ ರಾಟೆಗೆ ಕೂರುವುದು ಅನೇಕ ಮನೆಗಳ ಲೆಕ್ಕಾಚಾರವಾಗಿತ್ತು.

1760ರ ದಶಕದಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್ ಒಂದೇ ಚಕ್ರದಿಂದ ಹಲವು ಕದಿರುಗಳನ್ನು ತಿರುಗಿಸುವ ಸ್ಪಿನ್ನಿಂಗ್ ಜೆನ್ನಿ ಮಾಡಿದ. ಚಿಕ್ಕ ಜೆನ್ನಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು, ಕೆಲವು ಕಾಲ ಹೆಂಗಸರಿಗೆ ಅದರಿಂದ ಲಾಭವೂ ಆಯಿತು. 1769ರಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಬಲದಿಂದ ಓಡುವ ನೂಲಿನ ಯಂತ್ರಕ್ಕೆ ಪೇಟೆಂಟ್ ಪಡೆದು, 1771ರಲ್ಲಿ ಡರ್ಬಿಶೈರಿನ ಕ್ರಾಮ್‌ಫರ್ಡ್ ಎಂಬಲ್ಲಿ ಗಿರಣಿ ಕಟ್ಟಿದ ಮೇಲೆ ಲೆಕ್ಕ ತಲೆಕೆಳಗಾಯಿತು. 1779ರಲ್ಲಿ ಲ್ಯಾಂಕಶೈರಿನ ಜನ ಗುಂಪುಗುಂಪಾಗಿ ಹೋಗಿ ಯಂತ್ರ ಒಡೆದರು. ಆಗ ಮನೆಯೊಳಗೆ ಇಡಬಹುದಾದ ಚಿಕ್ಕ ಜೆನ್ನಿಗಳನ್ನು ಮುಟ್ಟದೆ, ದೊಡ್ಡವನ್ನು ಮಾತ್ರ ಹುಡುಕಿ ಪುಡಿಮಾಡಿದರು. ಯಂತ್ರವೆಂದರೆ ಹೆದರಿಕೆ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ತಮ್ಮ ಮನೆಯ ರಾಟೆಯ ಅನ್ನವನ್ನು ಯಾವ ಯಂತ್ರ ಕಿತ್ತುಕೊಳ್ಳುತ್ತದೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಅದೇ 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ‘ಮ್ಯೂಲ್’ ಎಂಬ ಯಂತ್ರ ತಂದ. ಇಲ್ಲಿ ಸ್ವಲ್ಪ ನಿಲ್ಲೋಣ. ಮ್ಯೂಲಿನ ದೊಡ್ಡ ಚೌಕಟ್ಟು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು, ಅದನ್ನು ತಳ್ಳಲು ಮೈಬಲ ಬೇಕಾಗುತ್ತಿತ್ತು. ಹಾಗಾಗಿ ಗಂಡಸರು ಬಂದರು. ಬಂದವರು ಕೈಕೆಳಗೆ ತಮ್ಮದೇ ಮಕ್ಕಳನ್ನೋ ನೆಂಟರ ಮಕ್ಕಳನ್ನೋ ಇಟ್ಟುಕೊಂಡು, ಅವರ ಕೂಲಿಯನ್ನು ತಾವೇ ಕೊಟ್ಟು ದುಡಿಸಿದರು. ಶತಮಾನಗಳಿಂದ ಹೆಂಗಸರದ್ದಾಗಿದ್ದ ನೂಲುವ ಕೆಲಸ ಒಂದೇ ತಲೆಮಾರಿನಲ್ಲಿ ಗಿರಣಿಯ ಅತಿ ಹೆಚ್ಚು ಸಂಬಳದ ಗಂಡಸರ ಕೆಲಸವಾಯಿತು. 1829ರಲ್ಲಿ ನೂಲುಗಾರರ ಸಂಘಗಳು ಐಲ್ ಆಫ್ ಮ್ಯಾನ್‌ನಲ್ಲಿ ಸಭೆ ಸೇರಿದಾಗ ಹೆಂಗಸರಿಗೆ ಸದಸ್ಯತ್ವ ಬೇಡವೆಂದು ತೀರ್ಮಾನಿಸಿದವು. ಬೇಕಿದ್ದರೆ ಅವರು ಬೇರೆ ಸಂಘ ಕಟ್ಟಿಕೊಳ್ಳಲಿ ಎಂದಾಯಿತು. ಮುಂದೆ ರಿಚರ್ಡ್ ರಾಬರ್ಟ್ಸ್ ತಾನಾಗಿ ಓಡುವ ಮ್ಯೂಲ್ ಮಾಡಿದಾಗ ಮೈಬಲದ ನೆಪವೂ ಹೋಯಿತು. ಇನ್ನು ಅಗ್ಗದ ಕೂಲಿಗೆ ಹೆಂಗಸರನ್ನು ಕೂರಿಸಬಹುದು ಎಂದು ಮಾಲೀಕರು ಲೆಕ್ಕ ಹಾಕಿದ್ದರು. ಆದರೆ ಲ್ಯಾಂಕಶೈರಿನಲ್ಲಿ ಮ್ಯೂಲ್ ಗಂಡಸರ ಕೈಯಲ್ಲೇ ಉಳಿಯಿತು. ಸಂಘದ ಬಲ ಒಂದು ಕಾರಣ, ಕೈಕೆಳಗಿನ ಹುಡುಗರನ್ನು ಗದರಿಸಿ ದುಡಿಸುವ ಮೇಸ್ತ್ರಿಗಿರಿ ಇನ್ನೊಂದು.

ನೇಯ್ಗೆಯಲ್ಲಿ ಇದರ ಉಲ್ಟಾ ನಡೆಯಿತು. ಕೈಮಗ್ಗದ ಮುಂದೆ ಹೆಚ್ಚಾಗಿ ಗಂಡಸರು ಕೂರುತ್ತಿದ್ದರು. ಉಗಿಯ ಬಲದ ಪವರ್‌ಲೂಮ್ ಹರಡಿದ ಮೇಲೆ ಅದನ್ನು ನೋಡಿಕೊಳ್ಳಲು ಬಂದವರು ಹುಡುಗಿಯರು, ಹೆಂಗಸರು. ಇಡೀ ಇಂಗ್ಲೆಂಡಿನಲ್ಲಿ ಹೆಂಗಸಿನ ಕೂಲಿ ಗಂಡಸಿನದರ ಅರ್ಧದ ಆಸುಪಾಸಿನಲ್ಲಿದ್ದಾಗ, ಲ್ಯಾಂಕಶೈರಿನ ಪವರ್‌ಲೂಮ್ ನೇಯ್ಗೆಯಲ್ಲಿ ಇಬ್ಬರಿಗೂ ತುಂಡಿನ ಲೆಕ್ಕದಲ್ಲಿ ಒಂದೇ ದರ ಸಿಗುವಂತಾಯಿತು. ಹೆಚ್ಚು ಮಗ್ಗ ನೋಡಿಕೊಳ್ಳುವ ಗಂಡಸರು ವಾರದ ಕೊನೆಗೆ ಹೆಚ್ಚು ಎಣಿಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು. ‘ಸ್ವಾವಲಂಬಿಗಳಾದರು’ ಎಂಬ ನೋಟ್ಸಿನ ಸಾಲಿಗೆ ಗಟ್ಟಿ ಆಧಾರ ಬೇಕಿದ್ದರೆ ಅದು ಇಲ್ಲಿದೆ. ಮನೆಗೆಲಸದ ಆಳಾಗಿ ಯಾರದೋ ಅಡುಗೆಮನೆಯಲ್ಲಿ ಬದುಕುವುದಕ್ಕಿಂತ ಗಿರಣಿಯೇ ವಾಸಿ ಎಂದು ಎಷ್ಟೋ ಹುಡುಗಿಯರು ಅಂದುಕೊಂಡರು. ಸಂಜೆಯಾದರೆ ಅವರನ್ನು ಕೂಗುವ ಯಜಮಾನಿ ಇರಲಿಲ್ಲ. 1819ರಲ್ಲಿ ಮತದಾನದ ಹಕ್ಕಿಗಾಗಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ನಡೆದ ಸಭೆಗೆ ಹೆಂಗಸರ ಸಂಘಗಳು ಬಿಳಿ ಬಟ್ಟೆ ಉಟ್ಟು, ತಮ್ಮದೇ ಬಾವುಟ ಹಿಡಿದು ಬಂದವು. ಸಭೆಯ ಮೇಲೆ ನುಗ್ಗಿದ ಕುದುರೆ ಸವಾರರ ಪಡೆಯ ಕತ್ತಿಗೆ ಸಿಕ್ಕವರಲ್ಲಿ ಅವರೂ ಇದ್ದರು.

ಸ್ವಾವಲಂಬನೆಯ ಮಾತು ಎಲ್ಲಿ ಮುರಿದುಬೀಳುತ್ತದೆ ಎಂದರೆ, ಮದುವೆಯಲ್ಲಿ. ಇಂಗ್ಲೆಂಡಿನ ಕಾನೂನಿನಂತೆ ಹೆಂಡತಿ ದುಡಿದ ಹಣ ಗಂಡನದು. 1870ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಬರುವವರೆಗೆ, ಗಿರಣಿಯಲ್ಲಿ ವಾರವಿಡೀ ನಿಂತು ದುಡಿದವಳಿಗೆ ಆ ಹಣದ ಮೇಲೆ ಕಾನೂನಿನ ಹಕ್ಕೇ ಇರಲಿಲ್ಲ. ಗಂಡ ಅದನ್ನು ಹೆಂಡದಂಗಡಿಗೆ ಸುರಿದರೂ ಕೇಳುವಂತಿರಲಿಲ್ಲ. ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಗಿರಣಿ ನಮ್ಮ ಕಣ್ಣು ತುಂಬುತ್ತದೆ, ಆದರೆ ದುಡಿಯುವ ಹೆಂಗಸರಲ್ಲಿ ಹೆಚ್ಚಿನವರು ಅದರೊಳಗೆ ಕಾಲಿಟ್ಟವರೇ ಅಲ್ಲ. 1851ರ ಜನಗಣತಿಯಲ್ಲಿ ಬ್ರಿಟನ್ನಿನ ಹೆಂಗಸರ ಅತಿ ದೊಡ್ಡ ಉದ್ಯೋಗ ಪರರ ಮನೆಗೆಲಸ. ರಾಟೆ ಕಳೆದುಕೊಂಡ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಿಗೆ ಗಿರಣಿ ಬರಲೇ ಇಲ್ಲ. ಅಲ್ಲಿಯ ಹೆಂಗಸಿಗೆ ಉಳಿದದ್ದು ಲೇಸ್ ಹೆಣೆಯುವುದು, ಟೋಪಿಗೆ ಹುಲ್ಲು ಹೆಣೆಯುವುದು, ಇಲ್ಲವೇ ಪ್ಯಾರಿಷ್‌ (ಚರ್ಚಿನ ಸುತ್ತಲಿನ ಸ್ಥಳೀಯ ಆಡಳಿತ) ಬಡವರಿಗೆ ಕೊಡುವ ಧರ್ಮಕ್ಕೆ ಕೈಚಾಚುವುದು.

ಈಗ ಮಕ್ಕಳ ವಿಚಾರ. ಗಿರಣಿಗೆ ಮಕ್ಕಳು ಬೇಕಾದದ್ದು ಅವರ ಬೆರಳು ಚಿಕ್ಕದೆಂಬ ಕಾರಣಕ್ಕೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಸಣ್ಣ ಕಾರಣ. ನೀರಿನ ಬಲದ ಗಿರಣಿಗಳು ರಭಸದ ಹೊಳೆ ಇರುವ ಕಣಿವೆಗಳಲ್ಲಿ ಎದ್ದವು, ಅಲ್ಲಿ ಜನವೇ ಇರಲಿಲ್ಲ. ದೊಡ್ಡವರು ಗಿರಣಿಯೊಳಗೆ ಗಂಟೆಯ ಲೆಕ್ಕಕ್ಕೆ ದುಡಿಯಲು ಒಪ್ಪುತ್ತಿರಲಿಲ್ಲ. ಅತ್ತ ಲಂಡನ್ನಿನ ಪ್ಯಾರಿಷ್‌ಗಳಿಗೆ ಅನಾಥ ಮಕ್ಕಳನ್ನು ಸಾಕುವುದು ಖರ್ಚಿನ ಬಾಬತ್ತಾಗಿತ್ತು. ಎರಡೂ ಕಡೆಯವರು ಕೈಕುಲುಕಿದರು. ವರ್ಕ್‌ಹೌಸ್ ಎಂಬ ಬಡವರ ಆಶ್ರಯಮನೆಗಳ ಮಕ್ಕಳನ್ನು ಗಾಡಿಗೆ ತುಂಬಿ ಅಪ್ರೆಂಟಿಸ್ (ಕೆಲಸ ಕಲಿಯುವವರು) ಹೆಸರಿನಲ್ಲಿ ಉತ್ತರಕ್ಕೆ ಕಳಿಸಲಾಯಿತು. ಪ್ರಾಯಕ್ಕೆ ಬರುವವರೆಗೆ ದುಡಿಮೆ, ಅದಕ್ಕೆ ಬದಲಾಗಿ ಊಟ, ಬಟ್ಟೆ, ಮಲಗಲು ಜಾಗ. ಇಪ್ಪತ್ತು ಮಕ್ಕಳ ಜೊತೆಗೆ ಬುದ್ಧಿಮಾಂದ್ಯ ಮಗು ಒಂದನ್ನೂ ತೆಗೆದುಕೊಳ್ಳತಕ್ಕದ್ದು ಎಂಬ ಷರತ್ತಿನ ಕರಾರು ಒಂದು ಲಂಡನ್ ಪ್ಯಾರಿಷಿಗೂ ಲ್ಯಾಂಕಶೈರಿನ ಮಾಲೀಕನಿಗೂ ಆಗಿತ್ತೆಂದು 1815ರಲ್ಲಿ ಸಂಸದ ಫ್ರಾನ್ಸಿಸ್ ಹಾರ್ನರ್ ಪಾರ್ಲಿಮೆಂಟಿನಲ್ಲಿ ಹೇಳಿದ. ನಮ್ಮ ಜೀತಪತ್ರಗಳನ್ನು ಕಂಡವರಿಗೆ ಇದರ ಧಾಟಿ ಅಪರಿಚಿತವೆನಿಸದು.

ಕ್ರೂರ ಮಾಲೀಕರ ಕಥೆ ಹೇಳುವುದು ಸುಲಭ. ಅದಕ್ಕಿಂತ ಒಳ್ಳೆಯವರೆಂದು ಹೆಸರಾದವರ ಗಿರಣಿ ನೋಡುವುದು ಮೇಲು. ಚೆಶೈರಿನ ಸ್ಟೈಲ್ ಎಂಬಲ್ಲಿ ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಕ್ವಾರಿ ಬ್ಯಾಂಕ್ ಗಿರಣಿ ಕಟ್ಟಿದ. ಮಕ್ಕಳಿಗಾಗಿ ಬೇರೆ ಮನೆ ಕಟ್ಟಿಸಿದ, ಡಾಕ್ಟರನ್ನು ಗೊತ್ತುಮಾಡಿದ, ಓದು ಬರಹಕ್ಕೂ ಏರ್ಪಾಡು ಮಾಡಿದ. ರಾತ್ರಿ ಪಾಳಿ ಇರಲಿಲ್ಲ. 1806ರಲ್ಲಿ ಅಲ್ಲಿಂದ ಇಬ್ಬರು ಹುಡುಗರು ತಪ್ಪಿಸಿಕೊಂಡು ಲಂಡನ್ನಿಗೆ ಹೋದರು. ಚಿಕ್ಕವನು ಥಾಮಸ್ ಪ್ರೀಸ್ಟ್‌ಲಿ, 13 ವರ್ಷ, ಹ್ಯಾಕ್ನಿಯ ವರ್ಕ್‌ಹೌಸಿನಿಂದ ಬಂದವನು. ಮ್ಯಾಜಿಸ್ಟ್ರೇಟರ ಮುಂದೆ ಅವನು ಹೇಳಿದ್ದು ದಾಖಲಾಗಿದೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಕೆಲಸ. ತಿಂಡಿಗೆ ಹತ್ತು ನಿಮಿಷ, ಅದನ್ನೂ ಯಂತ್ರದ ಹತ್ತಿರಕ್ಕೇ ತಂದುಕೊಡುತ್ತಿದ್ದರು, ಆ ಹತ್ತು ನಿಮಿಷವನ್ನು ಸಂಜೆ ತೀರಿಸಬೇಕಿತ್ತು. ಒಂದು ದಿನ ಅವನ ಬೆರಳು ಯಂತ್ರಕ್ಕೆ ಸಿಕ್ಕು ಕಿತ್ತುಹೋಯಿತು. ಗಾಯ ಮಾಯುವಾಗ ಅಮ್ಮನ ನೆನಪಾಯಿತು, ನೋಡಬೇಕೆನಿಸಿ ಹೊರಟೆ ಎಂದ. ಊಟದ ಮೇಲೆ ಅವನ ದೂರು ದೊಡ್ಡದೇನೂ ಇರಲಿಲ್ಲ. ‘ಒಳ್ಳೆಯ’ ಗಿರಣಿಯಲ್ಲಿ ಬಾಲ್ಯ ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಸಾಕ್ಷಿ ನನಗೆ ಕಂಡಿಲ್ಲ. (ಇದೇ ಗ್ರೆಗ್ ಕುಟುಂಬಕ್ಕೆ ಕೆರಿಬಿಯನ್ನಿನ ಡೊಮಿನಿಕ ದ್ವೀಪದಲ್ಲಿ ಗುಲಾಮರನ್ನು ದುಡಿಸುವ ತೋಟವೂ ಇತ್ತು. ಅಮೆರಿಕದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯನ್ನು ಬಿಡಿಸುತ್ತಿದ್ದವರಲ್ಲಿ ಕರಿಯ ಗುಲಾಮ ಹೆಂಗಸರೂ ಮಕ್ಕಳೂ ಇದ್ದರು. ಅವರನ್ನು ಈ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ.)

ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ದನ ಕಾಯುವ ಹುಡುಗ ಮರದ ನೆರಳಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಬಹುದು. ಯಂತ್ರ ತಿರುಗುತ್ತಿರುವಾಗ ಹಾಗೆ ಮಾಡಿದವನ ಕೈ ಉಳಿಯುವುದಿಲ್ಲ. ಮ್ಯಾಕಲ್ಸ್‌ಫೀಲ್ಡಿನ ಒಂದು ರೇಷ್ಮೆ ಗಿರಣಿಯಲ್ಲಿ ಎರಡು ಮುಖಗಳ ಗಡಿಯಾರವಿತ್ತು. ಒಂದು ಮುಖ ಲೋಕದ ವೇಳೆ ತೋರಿಸುತ್ತಿತ್ತು, ಇನ್ನೊಂದು ಗಿರಣಿಯ ನೀರಿನ ಚಕ್ರಕ್ಕೆ ಜೋಡಿಸಿದ್ದು. ಹೊಳೆಯಲ್ಲಿ ನೀರು ಕಡಿಮೆಯಾಗಿ ಚಕ್ರ ನಿಧಾನವಾದರೆ ಆ ಗಡಿಯಾರವೂ ನಿಧಾನ. ಅದರಲ್ಲಿ ಹೊತ್ತು ತುಂಬುವವರೆಗೆ ಮನೆಗೆ ಹೋಗುವಂತಿಲ್ಲ.

ಉಗಿಯಂತ್ರ ಬಂದ ಮೇಲೆ ಗಿರಣಿಗಳು ಹೊಳೆ ಬಿಟ್ಟು ಊರುಗಳಿಗೆ ಬಂದವು. ಆಗ ಅನಾಥರ ಬದಲು ಊರಿನ ಬಡ ಮನೆಗಳ ಮಕ್ಕಳೇ ಸಿಕ್ಕರು, ಅಪ್ಪ ಅಮ್ಮನೇ ಕೈಹಿಡಿದು ಕರೆತಂದು ಬಿಟ್ಟರು. ಕಡಿದ ನೂಲನ್ನು ಉಜ್ಜಿ ಜೋಡಿಸುವುದು ಒಬ್ಬರ ಕೆಲಸ. ಓಡುವ ಯಂತ್ರದಡಿ ತೂರಿ ಉದುರಿದ ಹತ್ತಿ ಬಾಚುವುದು ಅತಿ ಚಿಕ್ಕವರದು. 1832ರಲ್ಲಿ ಮೈಕೆಲ್ ಸ್ಯಾಡ್ಲರ್‌ನ ಪಾರ್ಲಿಮೆಂಟ್ ಸಮಿತಿಯ ಮುಂದೆ ಲೀಡ್ಸಿನ ಎಲಿಜಬೆತ್ ಬೆಂಟ್ಲಿ ಎಂಬ 23 ವರ್ಷದವಳು ಬಂದು ಸಾಕ್ಷ್ಯ ಹೇಳಿದಳು. ನಾರಗಸೆಯ (ಲಿನನ್ ಬಟ್ಟೆಯ ನಾರಿನ) ಗಿರಣಿಗೆ ಸೇರಿದಾಗ ಅವಳಿಗೆ ಆರು ವರ್ಷ. ಬಾಬಿನ್ (ನೂಲು ಸುತ್ತುವ ಉರುಳೆ) ತುಂಬಿದೊಡನೆ ಯಂತ್ರ ನಿಲ್ಲಿಸಿ, ತುಂಬಿದ್ದನ್ನು ಕಳಚಿ ಹೊತ್ತೊಯ್ದು, ಖಾಲಿ ಬಾಬಿನ್ ಸಿಕ್ಕಿಸಿ, ಮತ್ತೆ ಯಂತ್ರ ಓಡಿಸುವುದು ಅವಳ ಕೆಲಸ. ಗಿರಾಕಿ ಜೋರಾಗಿರುವ ದಿನಗಳಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ, ಮಧ್ಯಾಹ್ನ ನಲವತ್ತು ನಿಮಿಷದ ಬಿಡುವು. ತಡಮಾಡಿದವರಿಗೆ ಚರ್ಮದ ಪಟ್ಟಿಯ ಏಟು. ಭಾರದ ಬುಟ್ಟಿಗಳನ್ನು ಎಳೆದೂ ಎಳೆದೂ ಹದಿಮೂರರ ಸುಮಾರಿಗೆ ಮೈ ಸೊಟ್ಟಗಾಗತೊಡಗಿತು.

ಸ್ಯಾಡ್ಲರ್ ತನಗೆ ಬೇಕಾದ ಸಾಕ್ಷಿಗಳನ್ನೇ ಕರೆಸಿದ ಎಂದು ಮಾಲೀಕರು ಗದ್ದಲ ಎಬ್ಬಿಸಿದರು, ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಎಲ್ಲ ಗಿರಣಿಗಳಲ್ಲೂ ಹದಿನಾರು ಗಂಟೆ ದುಡಿಸುತ್ತಿರಲಿಲ್ಲ. ಆದರೆ ಅವರ ಒತ್ತಾಯಕ್ಕೇ ನೇಮಕವಾದ ಎರಡನೆಯ ಆಯೋಗ ಕೂಡ ಮಕ್ಕಳನ್ನು ದೊಡ್ಡವರಷ್ಟೇ ಹೊತ್ತು ದುಡಿಸಲಾಗುತ್ತಿದೆ ಎಂದೇ ವರದಿ ಕೊಟ್ಟಿತು. ಅದರ ಫಲ 1833ರ ಕಾರ್ಖಾನೆ ಕಾಯ್ದೆ.

ಅಂಬೆಗಾಲಿನ ಚಿತ್ರದ ಬಗ್ಗೆ ಒಂದು ಮಾತು. ಅದು ಗಿರಣಿಯದಲ್ಲ, ಗಣಿಯದು. 1838ರ ಜುಲೈ 4ರಂದು ಯಾರ್ಕ್‌ಶೈರಿನ ಸಿಲ್ಕ್‌ಸ್ಟೋನ್ ಬಳಿಯ ಹಸ್ಕರ್ ಗಣಿಗೆ ಮಳೆಯ ನೀರು ನುಗ್ಗಿ 26 ಮಕ್ಕಳು ಸತ್ತರು, ಅವರಲ್ಲಿ 11 ಹುಡುಗಿಯರು. ಅದಾದ ಮೇಲೆ ನೇಮಕವಾದ ಆಯೋಗ 1842ರಲ್ಲಿ ವರದಿ ಕೊಟ್ಟಿತು. ಓದಲು ಪುರುಸೊತ್ತಿಲ್ಲದ ಸಂಸದರೂ ನೋಡಲಿ ಎಂದು ಅದರಲ್ಲಿ ಚಿತ್ರ ಹಾಕಿದರು. ಸಾರಾ ಗೂಡರ್ ಎಂಬ ಎಂಟು ವರ್ಷದವಳ ಕೆಲಸ ಗಣಿಯೊಳಗಿನ ಗಾಳಿಯ ಬಾಗಿಲು ತೆರೆದು ಮುಚ್ಚುವುದು. ಆಯಾಸವಾಗುವುದಿಲ್ಲ, ಆದರೆ ದೀಪವಿರುವುದಿಲ್ಲ, ಹೆದರಿಕೆಯಾಗುತ್ತದೆ ಎಂದಳು. ಬೆಳಕಿದ್ದಾಗ ಹಾಡು ಹೇಳಿಕೊಳ್ಳುತ್ತೇನೆ, ಕತ್ತಲಲ್ಲಿ ಧೈರ್ಯ ಬರುವುದಿಲ್ಲ ಎಂದಳು. ಬೆಟ್ಟಿ ಹ್ಯಾರಿಸ್‌ಗೆ 37 ವರ್ಷ. ಸೊಂಟಕ್ಕೆ ಪಟ್ಟಿ, ಕಾಲುಗಳ ನಡುವೆ ಸರಪಳಿ, ಕೈಕಾಲೂರಿ ಕಲ್ಲಿದ್ದಲಿನ ಗಾಡಿ ಎಳೆಯುತ್ತಿದ್ದಳು. ಬಸುರಿಯಾಗಿದ್ದಾಗ ಆ ಪಟ್ಟಿಯ ಕಷ್ಟ ಇನ್ನೂ ಹೆಚ್ಚು ಎಂದಳು.

ಅದೇ ವರ್ಷ ಸಂಸದ ಲಾರ್ಡ್ ಆ್ಯಶ್ಲಿಯ ಮಸೂದೆ ಪಾಸಾಯಿತು. ಹೆಂಗಸರಿಗೂ ಹುಡುಗಿಯರಿಗೂ ಹತ್ತು ವರ್ಷದೊಳಗಿನ ಹುಡುಗರಿಗೂ ನೆಲದಡಿಯ ಕೆಲಸ ನಿಷಿದ್ಧ. ಸಂಸದರನ್ನು ಕಂಗೆಡಿಸಿದ್ದು ಬೆಟ್ಟಿಯ ಸೊಂಟದ ಗಾಯಕ್ಕಿಂತ ಹೆಚ್ಚಾಗಿ, ಸೆಕೆಗೆ ಅರೆಬೆತ್ತಲೆಯಾಗಿ ದುಡಿಯುವ ಗಂಡು ಹೆಣ್ಣು ಒಂದೇ ಸುರಂಗದಲ್ಲಿರುವುದು. ಚರ್ಚೆ ಓದಿದರೆ ಹಾಗೆಯೇ ಅನಿಸುತ್ತದೆ. ಕೆಲಸ ಕಳೆದುಕೊಂಡ ಹೆಂಗಸರಿಗೆ ಬದಲಿ ದಾರಿ ಏನು ಎಂದು ಕಾನೂನು ಯೋಚಿಸಲಿಲ್ಲ. ಏಣಿ ಹತ್ತಿ ಕಲ್ಲಿದ್ದಲು ಹೊರುತ್ತಿದ್ದ ಪೂರ್ವ ಸ್ಕಾಟ್ಲೆಂಡಿನ ಹೆಂಗಸರಿಗೆ ಸುತ್ತಮುತ್ತ ಬೇರೆ ಕೆಲಸವೇ ಇರಲಿಲ್ಲ. ಕೆಲವರು ಗಂಡಸರ ವೇಷ ಹಾಕಿ ಮತ್ತೆ ಕೆಳಗಿಳಿದರು. ಲ್ಯಾಂಕಶೈರಿನ ವಿಗನ್ ಸುತ್ತಲಿನ ಹೆಂಗಸರು ಗಣಿಯ ಬಾಯಿಯಲ್ಲಿ ಕಲ್ಲು ಆರಿಸುವ ಕೆಲಸಕ್ಕೆ ಅಂಟಿಕೊಂಡರು. 1887ರಲ್ಲಿ ಅದನ್ನೂ ನಿಷೇಧಿಸಲು ಹೊರಟಾಗ ಲಂಡನ್ನಿಗೇ ನಿಯೋಗ ಹೋಗಿ ಉಳಿಸಿಕೊಂಡರು.

ಗಿರಣಿ ಕಾಯ್ದೆಗಳಲ್ಲೂ ಇದೇ ಗೊಂದಲ ಕಾಣುತ್ತದೆ. 1844ರ ಕಾಯ್ದೆ ವಯಸ್ಸಿಗೆ ಬಂದ ಹೆಂಗಸರನ್ನು 13ರಿಂದ 18ರ ವಯಸ್ಸಿನವರ ಸಾಲಿಗೆ ಸೇರಿಸಿ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1847ರಲ್ಲಿ ಅದು 10 ಗಂಟೆಗೆ ಇಳಿಯಿತು. ಕಾನೂನಿನ ಕಣ್ಣಲ್ಲಿ ನಲವತ್ತರ ಹೆಂಗಸೂ ಹದಿನಾಲ್ಕರ ಹುಡುಗನೂ ಒಂದೇ. ಗಂಡಸರ ದುಡಿಮೆಗೆ ಮಿತಿ ಬೇಡ, ಅವರು ಸ್ವತಂತ್ರರು ಎಂಬುದು ಆಗಿನ ವಾದ. ಇಷ್ಟಾಗಿಯೂ ಹೆಂಗಸರು ಮನೆಗೆ ಹೋದ ಮೇಲೆ ಗಿರಣಿ ಓಡಿಸುವುದು ಮಾಲೀಕರಿಗೆ ಕಷ್ಟವಾಗಿ, ಗಂಡಸರ ದಿನವೂ ಚಿಕ್ಕದಾಯಿತು. ಗಂಡಸರ ಸಂಘಗಳು ಈ ಮಸೂದೆಗಳ ಬೆನ್ನಿಗೆ ನಿಂತದ್ದರಲ್ಲಿ ಈ ಲೆಕ್ಕವೂ ಇತ್ತು.

ಕಾನೂನು ಮುಟ್ಟದ ಜಾಗವೆಂದರೆ ಕೈಕೂಸು. ಬಾಣಂತಿ ಕೆಲವೇ ವಾರಗಳಲ್ಲಿ ಗಿರಣಿಗೆ ವಾಪಸು, ಮಗು ನೆರೆಯ ಮುದುಕಿಯ ಬಳಿಯೋ ಏಳೆಂಟು ವರ್ಷದ ಅಕ್ಕನ ತೊಡೆಯಲ್ಲೋ. ಎದೆಹಾಲಿನ ಬದಲು ನೀರಲ್ಲಿ ನೆನೆಸಿದ ಬ್ರೆಡ್ಡು. ಅತ್ತರೆ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಎಂಬ ಸಿಹಿ ಔಷಧ, ಅದರಲ್ಲಿ ಅಫೀಮು. ಅಂಗಡಿಗಳಲ್ಲಿ ಅದು ಧಾರಾಳವಾಗಿ ಸಿಗುತ್ತಿತ್ತು. ಎಡ್ವಿನ್ ಚಾಡ್ವಿಕ್ 1842ರಲ್ಲಿ ಕೊಟ್ಟ ಆರೋಗ್ಯ ವರದಿಯಂತೆ ಮ್ಯಾಂಚೆಸ್ಟರಿನ ಕೂಲಿಕಾರ ಕುಟುಂಬಗಳಲ್ಲಿ ಸತ್ತವರ ಸರಾಸರಿ ವಯಸ್ಸು 17. ಹಳ್ಳಿಗಾಡಿನ ರಟ್ಲೆಂಡಿನ ಕೂಲಿಕಾರರಲ್ಲಿ ಅದು 38. ಹದಿನೇಳಕ್ಕೇ ಎಲ್ಲರೂ ಸಾಯುತ್ತಿದ್ದರು ಎಂದು ಇದರ ಅರ್ಥವಲ್ಲ (ನೋಟ್ಸುಗಳಲ್ಲಿ ಈ ತಪ್ಪು ಸಾಮಾನ್ಯ). ಐದು ವರ್ಷ ತುಂಬುವುದರೊಳಗೆ ಸಾಯುವ ಮಕ್ಕಳ ಸಂಖ್ಯೆ ಸರಾಸರಿಯನ್ನು ಅಷ್ಟು ಕೆಳಗೆ ಎಳೆಯುತ್ತಿತ್ತು. ತಾಯಂದಿರು ದುಡಿಯಲು ಹೋದದ್ದೇ ಕಾರಣ ಎಂದು ಆಗಿನ ಪಾದ್ರಿಗಳೂ ಡಾಕ್ಟರುಗಳೂ ಬೈದರು. ಕಕ್ಕಸಿನ ಗುಂಡಿಯ ಪಕ್ಕದ ಬಾವಿ, ಗಾಳಿಯಾಡದ ನೆಲಮಾಳಿಗೆ, ಇವುಗಳ ಪಾಲು ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಹೆತ್ತವಳನ್ನು ನಾಲ್ಕು ವಾರ ಕೆಲಸಕ್ಕೆ ಕರೆಯಬಾರದು ಎಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1891ರಲ್ಲಿ. ಆ ನಾಲ್ಕು ವಾರಗಳ ಸಂಬಳದ ಮಾತು ಅದರಲ್ಲಿ ಇರಲಿಲ್ಲ.

ಇನ್ನು ನಮ್ಮ ಕಡೆಯ ಸಂಗತಿ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸುತ್ತಾಡಿ ಕಂಡದ್ದನ್ನೆಲ್ಲ ಬರೆದಿಟ್ಟ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಯ ಹೆಂಗಸರು ವಾರದ ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಾರೆ ಎಂದು ಅವನು ದಾಖಲಿಸಿದ್ದಾನೆ. ಲ್ಯಾಂಕಶೈರಿನ ನೂಲು 1820ರ ದಶಕದಿಂದ ಭಾರತದ ಮಾರುಕಟ್ಟೆಗೆ ಹರಿಯತೊಡಗಿತು. ಮೊದಲು ನಯವಾದ ನೂಲು, ಆಮೇಲೆ ಒರಟು ನೂಲು. ನಮ್ಮ ಇತಿಹಾಸಗಳಲ್ಲಿ ನೇಕಾರನ ಅವಸಾನದ ಬಗ್ಗೆ ಪುಟಗಟ್ಟಲೆ ಇದೆ. ಆದರೆ ಅನೇಕ ಕಡೆ ನೇಕಾರ ಹೇಗೋ ಉಳಿದುಕೊಂಡ. ಅಗ್ಗದ ಗಿರಣಿ ನೂಲು ಅವನಿಗೆ ಒದಗಿಬಂತು, ಇಳಕಲ್ಲಿನಲ್ಲೂ ಗುಳೇದಗುಡ್ಡದಲ್ಲೂ ಮಗ್ಗಗಳು ಮುಂದೆಯೂ ಸದ್ದು ಮಾಡಿದವು. ಪೂರಾ ಹೋದದ್ದು ನೂಲುವವಳ ಸಂಪಾದನೆ. ಅದು ಮನೆಯೊಳಗಿನ ದುಡಿಮೆಯಾದ್ದರಿಂದ ಯಾರ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ. ಇಂಗ್ಲೆಂಡಿನ ಹೆಂಗಸಿಗೆ ರಾಟೆ ಹೋದ ಊರಿನಲ್ಲಿ ಕೆಲವೊಮ್ಮೆಯಾದರೂ ಗಿರಣಿಯ ಬಾಗಿಲು ತೆರೆಯಿತು. ಮೈಸೂರು ಸೀಮೆಯ ಹಳ್ಳಿಯವಳ ಪಾಲಿನ ಗಿರಣಿ ಸಮುದ್ರದಾಚೆ ಇತ್ತು.

ನಂಟು ಇನ್ನೊಂದು ದಿಕ್ಕಿನಿಂದಲೂ ಬೆಳೆಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಶೈರಿನ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಆ ಹತ್ತಿ ಸಾಗಿಸಲೆಂದೇ ಕಾರವಾರದ ಬಂದರನ್ನು ಬೆಳೆಸುವ ಮಾತು ಜೋರಾಯಿತು. ಲ್ಯಾಂಕಶೈರಿನಲ್ಲಿ ಗಿರಣಿಗಳು ಮುಚ್ಚಿ, ಕೆಲಸವಿಲ್ಲದ ಹುಡುಗಿಯರನ್ನು ಹೊಲಿಗೆ ತರಗತಿಗಳಲ್ಲಿ ಕೂರಿಸಿ ಪರಿಹಾರದ ಕಾಸು ಕೊಡುತ್ತಿದ್ದರು. ಕೆಲಸ ಇದ್ದವರಿಗೆ ಭಾರತದ ಹತ್ತಿ ತಲೆನೋವಾಯಿತು. ಅದಕ್ಕೆಲ್ಲ ಅಲ್ಲಿ ‘ಸೂರತ್’ ಎಂದೇ ಹೆಸರು. ಎಳೆ ಗಿಡ್ಡ, ಮತ್ತೆಮತ್ತೆ ಕಡಿಯುತ್ತಿತ್ತು. ತುಂಡಿನ ಲೆಕ್ಕದ ಕೂಲಿಯಾದ್ದರಿಂದ ನೂಲು ಕಡಿದಷ್ಟೂ ನೇಯುವವಳ ವಾರದ ಸಂಬಳ ಇಳಿಯಿತು.

ಮುಂದೆ ಬೊಂಬಾಯಿಯಲ್ಲಿ ಗಿರಣಿಗಳು ಎದ್ದಾಗ ಇಲ್ಲಿಗೂ ಕಾನೂನು ಬಂತು. 1881ರ ಭಾರತದ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ನಿಷೇಧಿಸಿ, 7ರಿಂದ 12ರವರೆಗಿನವರಿಗೆ 9 ಗಂಟೆ ಗೊತ್ತುಮಾಡಿತು. 1891ರಲ್ಲಿ ಕನಿಷ್ಠ ವಯಸ್ಸು 9ಕ್ಕೆ ಏರಿತು, ಹೆಂಗಸರಿಗೆ 11 ಗಂಟೆಯ ಮಿತಿ ಬಂತು. ಇದಕ್ಕಾಗಿ ಹೆಚ್ಚು ಒತ್ತಾಯ ಮಾಡಿದವರಲ್ಲಿ ಲ್ಯಾಂಕಶೈರಿನ ಮಾಲೀಕರೇ ಇದ್ದರು. ಪೈಪೋಟಿಗೆ ಬಂದ ಬೊಂಬಾಯಿಯ ಅಗ್ಗದ ಕೂಲಿ ಅವರ ಕಣ್ಣು ಕುಕ್ಕುತ್ತಿತ್ತು. ಅದನ್ನೇ ನೆಪಮಾಡಿಕೊಂಡು ಇಲ್ಲಿಯ ಮಾಲೀಕರೂ ಅನೇಕ ರಾಷ್ಟ್ರೀಯವಾದಿ ಪತ್ರಿಕೆಗಳೂ ಕಾಯ್ದೆಯನ್ನು ವಿರೋಧಿಸಿದವು. ಇಬ್ಬರ ಜಗಳದಲ್ಲಿ ಮಕ್ಕಳ ದುಡಿಮೆ 9ರಿಂದ 7 ಗಂಟೆಗೆ ಇಳಿದು, ಎರಡು ಗಂಟೆ ಉಳಿದದ್ದಷ್ಟೇ ಲಾಭ.

ಕಾನೂನು ಬಂದ ಮೇಲೆ ಸರಿಹೋಯಿತೇ ಎಂದು ಕೇಳಿದ್ದೀರಿ. ನಿಧಾನವಾಗಿ, ಅದೂ ಅರ್ಧಂಬರ್ಧ. 1802ರಲ್ಲಿ ಅಪ್ರೆಂಟಿಸ್ ಮಕ್ಕಳಿಗೆ 12 ಗಂಟೆಯ ಮಿತಿ ಹಾಕಿದ ಕಾಯ್ದೆಯನ್ನು ನೋಡಿಕೊಳ್ಳುವವರೇ ಇರಲಿಲ್ಲ. 1833ರ ಕಾಯ್ದೆ ಒಂಬತ್ತರೊಳಗಿನವರನ್ನು ರೇಷ್ಮೆ ಬಿಟ್ಟು ಉಳಿದ ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು, 13ರೊಳಗಿನವರಿಗೆ ವಾರಕ್ಕೆ 48 ಗಂಟೆ ಎಂದಿತು, ದಿನಕ್ಕೆ ಎರಡು ಗಂಟೆ ಶಾಲೆ ಎಂದಿತು. ಮೊದಲ ಸಲ ಸಂಬಳದ ಇನ್‌ಸ್ಪೆಕ್ಟರುಗಳೂ ಬಂದರು, ಇಡೀ ದೇಶಕ್ಕೆ ನಾಲ್ವರು. ಜನನ ನೋಂದಣಿ ಇಂಗ್ಲೆಂಡಿನಲ್ಲಿ ಶುರುವಾದದ್ದೇ 1837ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳ ವಯಸ್ಸನ್ನು ಡಾಕ್ಟರು ಎತ್ತರ ಅಳೆದೋ ಬಾಯಿ ತೆರೆಸಿ ಹಲ್ಲು ನೋಡಿಯೋ ಹೇಳಬೇಕಿತ್ತು. ಮನೆಗೆ ಕಾಸು ಬೇಕಾದ ತಾಯಿ ಎಂಟು ವರ್ಷದವನನ್ನು ಒಂಬತ್ತು ಎಂದಳು, ಆಳು ಬೇಕಾದ ಮಾಲೀಕ ನಂಬಿದಂತೆ ಮಾಡಿದ. 1844ರಲ್ಲಿ ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ ಎಂಬ ಪದ್ಧತಿ ಬಂದಾಗ ವಯಸ್ಸಿನ ಮಿತಿ ಎಂಟಕ್ಕೇ ಇಳಿಯಿತು. ಬೆಳಗಿನ ಪಾಳಿ ಮುಗಿಸಿ ಬಂದ ಮಕ್ಕಳು ಮಧ್ಯಾಹ್ನ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರು ಎಂದು ಮೇಷ್ಟರುಗಳು ದೂರಿದರು.

ಈ ಅರ್ಧ ದಿನದ ಪದ್ಧತಿ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಅದನ್ನು ಉಳಿಸಿಕೊಳ್ಳಲು ಹೋರಾಡಿದವರಲ್ಲಿ ಕಾರ್ಮಿಕರೇ ಸೇರಿಕೊಂಡರು. ಅಪ್ಪ ಅಮ್ಮನೂ ಹೀಗೆಯೇ ಬೆಳೆದವರು, ಮಗುವಿನ ಕೂಲಿ ಸೇರಿದರೇ ಮನೆ ಬಾಡಿಗೆ ಹೊಂದುತ್ತಿತ್ತು. 1899ರಲ್ಲಿ ಕನಿಷ್ಠ ವಯಸ್ಸು 12ಕ್ಕೆ ಏರಿತು. ಅದನ್ನು ಇನ್ನೂ ಏರಿಸೋಣವೇ ಎಂದು 1909ರಲ್ಲಿ ಲ್ಯಾಂಕಶೈರಿನ ಹತ್ತಿ ಕಾರ್ಮಿಕರ ಸಂಘಗಳು ತಮ್ಮ ಸದಸ್ಯರ ಮತ ಕೇಳಿದಾಗ ಬಹುಪಾಲು ಜನ ಬೇಡವೆಂದರು. ಕೊನೆಗೆ 1918ರ ಶಿಕ್ಷಣ ಕಾಯ್ದೆ ಆ ಪದ್ಧತಿಯನ್ನು ರದ್ದುಮಾಡಿತು. ಅದು ಗಿರಣಿಗಳಲ್ಲಿ ಜಾರಿಗೆ ಬರುವಾಗ 1921 ಆಗಿತ್ತು.